ನಡೆಯುವ ಷಡ್ಜ

ಕಳೆದ ಮಾಘಮಾಸದ ಒಂದು ಸಂಜೆ ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಪರಿಚಿತರೊಬ್ಬರ ಮನೆಗೆ ನಾವು ಹೋಗಿದ್ದೆವು. ಬೀದಿಯ ಮರಗಳು ಎಲೆಯುದುರಿಸುತ್ತಿದ್ದ ಕಾಲ. ಆ ಮನೆಯ ಹುಡುಗಿ ಪದವಿಪೂರ್ವ ತರಗತಿಯಲ್ಲಿ ವಿಜ್ಞಾನವನ್ನು ಓದುವವಳು. ಎಂಟು ವರ್ಷಗಳಿಂದ ವೀಣೆಯನ್ನೂ ಕಲಿಯುತ್ತಿರುವವಳು. ಈಗ ಅವಳಿಗೆ ಜಾಜ್ ಪಿಯಾನೋ ಕಲಿಯುವ ಆಸೆ ಹುಟ್ಟಿದೆ. ಮೇಜಿನ ಮೇಲಿದ್ದ ಕೀಬೋರ್ಡಿನಲ್ಲಿ ಅವಳು ‘ಆಟಮ್ ಲೀವ್ಸ್’ ಎಂಬ ಪ್ರಸಿದ್ಧ ಹಾಡಿನ ಮಟ್ಟನ್ನು ತಪ್ಪಿಲ್ಲದೆ ನುಡಿಸಿ, ನಮ್ಮ ಕಡೆಗೆ ತಿರುಗಿ ಹೀಗೆಂದಳು: “ಇದನ್ನು ಅರ್ಧ ಗಂಟೆಯಲ್ಲಿ ಕಿವಿಯಿಂದಲೇ ಕಲಿತೆ. ಆದರೆ ಇದರಲ್ಲಿ ಏನಿದೆ? ಒಂದೇ ಸಂಚಾರವನ್ನು ನಾಲ್ಕು ಸಲ ಒಂದೊಂದು ಮೆಟ್ಟಿಲು ಇಳಿಸಿ ಹೇಳಿದ್ದಾರೆ, ಅಷ್ಟೇ. ಇದನ್ನು ಇಷ್ಟು ಜನ ಏಕೆ ಮೆಚ್ಚುತ್ತಾರೆ?”

ಅವಳು ಉತ್ತರಕ್ಕೆ ಕಾಯುತ್ತಿರುವಾಗಲೇ ಒಳಗಿನಿಂದ ಅವಳ ಅಜ್ಜಿಯವರ ದನಿ ಕೇಳಿಸಿತು: “ಆ ಪೆಟ್ಟಿಗೆಯ ಸ್ವರ ಕೇಳಿ ಕೇಳಿ ಕಿವಿ ಕೆಟ್ಟರೆ, ಆಮೇಲೆ ವೀಣೆ ಹಿಡಿದು ಫಲವೇನು?”

ಪ್ರಶ್ನೆಗಳು ಎರಡಾದುವು. ಎರಡೂ ಉಡಾಫೆಯಿಂದ ತಳ್ಳಿಹಾಕುವಂಥವಲ್ಲ. ಎಂಟು ವರ್ಷ ಸಾಧಿಸಿದ ಶ್ರುತಿಜ್ಞಾನವನ್ನು ಪಣಕ್ಕಿಟ್ಟು ಹೊಸ ವಿದ್ಯೆಯೊಂದನ್ನು ಕಲಿಯಬೇಕೆ ಎಂಬುದು ಅವಳಿಗೆ ನಿಜವಾದ ಸಮಸ್ಯೆಯೇ ಆಗಿತ್ತು. ಅಂದಿನಿಂದ ಕೆಲವು ವಾರ ನಾವು ಅವಳೊಡನೆ ಕುಳಿತು ಮಾಡಿದ ಪಾಠವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ. ಒಂದು ಕೀಬೋರ್ಡು ಅಥವಾ ಹಾರ್ಮೋನಿಯಂ ಬಳಿಯಲ್ಲಿದ್ದರೆ ವಿದ್ಯಾರ್ಥಿಗಳು ತಾವೂ ಜೊತೆಯಲ್ಲಿ ಪ್ರಯೋಗ ಮಾಡಬಹುದು.

ಹಾಡಿನ ಪರಿಚಯ

ಈ ಹಾಡಿನ ಸ್ವರಸಂಯೋಜಕ ಜೋಸೆಫ್ ಕಾಸ್ಮಾ. ಹಂಗೆರಿಯ ಬುಡಾಪೆಸ್ಟ್ ನಗರದಲ್ಲಿ 1905ರಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ನೆಲೆಸಿದವನು. 1945ರಲ್ಲಿ ಒಂದು ನೃತ್ಯರೂಪಕಕ್ಕಾಗಿ ರಚಿಸಿದ ಮಟ್ಟಿಗೆ ಕವಿ ಝಾಕ್ ಪ್ರೆವೆರ್ ಫ್ರೆಂಚ್ ಸಾಹಿತ್ಯವನ್ನು ಕೂಡಿಸಿದನು. 1946ರ ಒಂದು ಚಲನಚಿತ್ರದಲ್ಲಿ ಅದು ಬಳಕೆಯಾಯಿತು. ಮುಂದೆ ಅಮೆರಿಕದ ಜಾನಿ ಮರ್ಸರ್ ಇಂಗ್ಲಿಷ್ ಸಾಹಿತ್ಯವನ್ನು ಬರೆದನು. 1958ರಲ್ಲಿ ಕ್ಯಾನನ್‌ಬಾಲ್ ಆಡರ್ಲಿ ಮತ್ತು ಮೈಲ್ಸ್ ಡೇವಿಸ್, 1959ರಲ್ಲಿ ಪಿಯಾನೋವಾದಕ ಬಿಲ್ ಎವಾನ್ಸ್ ಇದನ್ನು ಧ್ವನಿಮುದ್ರಿಸಿದರು. ಹೀಗೆ ಅನೇಕರು ತಮ್ಮ ತಮ್ಮ ಮನೋಧರ್ಮಕ್ಕೆ ತಕ್ಕಂತೆ ಬೆಳೆಸುತ್ತ ಬಂದಿರುವ ಹಾಡನ್ನು ಜಾಜ್ ಸಂಪ್ರದಾಯದಲ್ಲಿ ‘ಸ್ಟ್ಯಾಂಡರ್ಡ್’ ಎನ್ನುತ್ತಾರೆ. ಹೊಸಬರಿಗೆ ಮೊದಲ ಪಾಠವಾಗಿ ಈ ಹಾಡನ್ನೇ ಕೊಡುವ ಗುರುಗಳು ಬಹಳ ಮಂದಿ. ಅದಕ್ಕೆ ಕಾರಣವುಂಟು.

ಹಾಡಿನ ಒಟ್ಟು ಉದ್ದ ನಾಲ್ಕು ಎಣಿಕೆಯ 32 ಆವರ್ತಗಳು. ಮೊದಲ ಎಂಟು ಆವರ್ತಗಳು ಮತ್ತೊಮ್ಮೆ ಪುನರಾವರ್ತನೆಗೊಳ್ಳುತ್ತವೆ. ಈ ಎಂಟನ್ನು ಚೆನ್ನಾಗಿ ತಿಳಿದುಕೊಂಡರೆ ಉಳಿದುದು ಬಹುಮಟ್ಟಿಗೆ ತಿಳಿದಂತೆಯೇ. ಆದುದರಿಂದ ನಮ್ಮ ಪಾಠ ಅವುಗಳಿಗೇ ಸೀಮಿತವಾಗಿದೆ.

ಬಿಳಿಯ ಮನೆಗಳ ಮೇಲೆ

ಕೀಬೋರ್ಡಿನಲ್ಲಿ ಕಪ್ಪು ಮನೆಗಳು ಎರಡು, ಮೂರು, ಎರಡು, ಮೂರು ಎಂದು ಗುಂಪುಗೂಡಿರುವುದನ್ನು ಎಲ್ಲರೂ ನೋಡಿದ್ದಾರೆ. ಎರಡರ ಗುಂಪಿನ ಎಡಕ್ಕೆ ತಗುಲಿದಂತಿರುವ ಬಿಳಿಯ ಮನೆಯನ್ನು ಷಡ್ಜವೆಂದು ಇಟ್ಟುಕೊಳ್ಳೋಣ. ಅಲ್ಲಿಂದ ಬಲಕ್ಕೆ ಸಾಲಾಗಿ ಬಿಳಿಯ ಮನೆಗಳನ್ನು ಒತ್ತಿದರೆ ಸ ರಿ ಗ ಮ ಪ ದ ನಿ ಎಂಬ ಶಂಕರಾಭರಣದ ಏಳು ಸ್ವರಗಳು ದೊರೆಯುತ್ತವೆ. ಕಪ್ಪು, ಬಿಳುಪು ಎರಡನ್ನೂ ಸೇರಿಸಿ ಒಂದು ಮನೆಯಿಂದ ಪಕ್ಕದ ಮನೆಗೆ ಹೋಗುವುದನ್ನು ಒಂದು ಮೆಟ್ಟಿಲು ಎಂದು ಕರೆಯೋಣ. ಒಂದು ಸ್ಥಾಯಿಗೆ 12 ಮೆಟ್ಟಿಲುಗಳು.

ಇನ್ನು ಸ್ವರಗುಚ್ಛ. ಇಂಗ್ಲಿಷಿನಲ್ಲಿ ಇದಕ್ಕೆ ‘ಕಾರ್ಡ್’ ಎಂದು ಹೆಸರು. ಯಾವುದಾದರೊಂದು ಸ್ವರವನ್ನು ಆಧಾರವಾಗಿ ಹಿಡಿದು, ಒಂದನ್ನು ಬಿಟ್ಟು ಒಂದರಂತೆ ಇನ್ನೂ ಮೂರು ಬಿಳಿಯ ಮನೆಗಳನ್ನು ಸೇರಿಸಿ ನಾಲ್ಕನ್ನೂ ಒಟ್ಟಿಗೆ ಒತ್ತುವುದೇ ಅದರ ಕ್ರಮ. ರಿಷಭವು ಆಧಾರವಾದರೆ ರಿ–ಮ–ದ–ಸ, ಪಂಚಮವಾದರೆ ಪ–ನಿ–ರಿ–ಮ. ಆಧಾರದಿಂದ ಎಣಿಸಿದಾಗ ಇವು ಒಂದನೆಯ, ಮೂರನೆಯ, ಐದನೆಯ, ಏಳನೆಯ ಸ್ವರಗಳಾಗುತ್ತವೆ.

ನಮ್ಮ ಹಾಡಿನ ಎಂಟು ಆವರ್ತಗಳಲ್ಲಿ ಬರುವ ಗುಚ್ಛಗಳು ಇವು:

ಮೊದಲನೆಯ ಆವರ್ತ: ರಿ–ಮ–ದ–ಸ
ಎರಡನೆಯದು: ಪ–ನಿ–ರಿ–ಮ
ಮೂರನೆಯದು: ಸ–ಗ–ಪ–ನಿ
ನಾಲ್ಕನೆಯದು: ಮ–ದ–ಸ–ಗ
ಐದನೆಯದು: ನಿ–ರಿ–ಮ–ದ
ಆರನೆಯದು: ಗ–(ಪ, ದಗಳ ನಡುವಿನ ಕಪ್ಪು ಮನೆ)–ನಿ–ರಿ
ಏಳನೆಯದು, ಎಂಟನೆಯದು: ದ–ಸ–ಗ

ವಾದಕರು ತಮ್ಮ ಅನುಕೂಲಕ್ಕೆ ತಕ್ಕ ಶ್ರುತಿಯನ್ನು ಆರಿಸಿಕೊಳ್ಳುವುದರಿಂದ ಧ್ವನಿಮುದ್ರಿಕೆಗಳಲ್ಲಿ ಈ ಹಾಡು ಬೇರೆ ಬೇರೆ ಮನೆಗಳಿಂದ ಆರಂಭವಾಗಬಹುದು. ಸಂಬಂಧಗಳು ಮಾತ್ರ ಬದಲಾಗವು. ನಾವು ಆರಿಸಿಕೊಂಡ ಶ್ರುತಿಯಲ್ಲಿ ಎಡಗೈಗೆ ಒಂದೇ ಒಂದು ಕಪ್ಪು ಮನೆ ಸಾಕಾಗುತ್ತದೆಂಬುದು ಕಲಿಯುವವರಿಗೆ ದೊಡ್ಡ ಅನುಕೂಲ.

ಆಧಾರದ ಪ್ರಯಾಣ

ಮೇಲಿನ ಪಟ್ಟಿಯಲ್ಲಿ ಆಧಾರಸ್ವರಗಳನ್ನಷ್ಟೇ ಬಿಡಿಸಿ ಬರೆಯೋಣ: ರಿ, ಪ, ಸ, ಮ, ನಿ, ಗ, ದ. ಏಳು ಸ್ವರಗಳೂ ಬಂದಿವೆ. ಯಾವುದೂ ಎರಡು ಸಲ ಬಂದಿಲ್ಲ. ಹುಡುಗಿಗೆ ಇದನ್ನು ತೋರಿಸಿದಾಗ ಅವಳು ಮೊದಲ ಬಾರಿಗೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

ಈ ಅನುಕ್ರಮದ ಸೂತ್ರ ಸರಳವಾದುದು. ಈಗಿನ ಆಧಾರವು ಮುಂದಿನ ಆಧಾರಕ್ಕೆ ಪಂಚಮವಾಗಿರುತ್ತದೆ. ‘ಪ’ವನ್ನು ಷಡ್ಜವೆಂದುಕೊಂಡರೆ ‘ರಿ’ ಅದರ ಪಂಚಮ. ‘ಸ’ಕ್ಕೆ ‘ಪ’ ಪಂಚಮ. ‘ಮ’ಕ್ಕೆ ‘ಸ’ ಪಂಚಮ. ಎಂದರೆ ಪ್ರತಿಯೊಂದು ಹೆಜ್ಜೆಯಲ್ಲಿಯೂ ಪಂಚಮವು ತನ್ನ ಷಡ್ಜವನ್ನು ಹುಡುಕಿಕೊಂಡು ಹೋಗುತ್ತದೆ.

ಹೀಗೆ ಹೋಗುವುದು ಕಿವಿಗೆ ಸಹಜವೆನಿಸಲು ಭೌತಶಾಸ್ತ್ರ ಒಂದು ಕಾರಣವನ್ನು ಸೂಚಿಸುತ್ತದೆ. ಯಾವ ತಂತಿಯೂ ಒಂದೇ ಕಂಪನಸಂಖ್ಯೆಯಲ್ಲಿ ನುಡಿಯುವುದಿಲ್ಲ. ಸೆಕೆಂಡಿಗೆ 220 ಸಲ ಕಂಪಿಸುವ ತಂತಿಯಲ್ಲಿ 440, 660, 880, 1100 ಎಂಬ ಉಪಸ್ವರಗಳೂ ಅಡಗಿರುತ್ತವೆ. ಇದರ ಶುದ್ಧ ಪಂಚಮದ ಕಂಪನಸಂಖ್ಯೆ 330. ಅದರ ಉಪಸ್ವರಗಳು 660, 990, 1320. ನೋಡಿ, 660 ಎರಡರಲ್ಲಿಯೂ ಇದೆ. ಷಡ್ಜವನ್ನು ಮೀಟಿದಾಗಲೇ ಪಂಚಮವು ಅದರೊಳಗೆ ಮೆಲ್ಲಗೆ ಕೇಳಿಸುತ್ತಿರುತ್ತದೆ. ಆದುದರಿಂದ ಪಂಚಮದಿಂದ ಷಡ್ಜಕ್ಕೆ ಇಳಿದಾಗ, ಒಳಗಿದ್ದುದು ತನ್ನ ಮನೆಗೆ ಮರಳಿದಂತೆ ತೋರುತ್ತದೆಂದು ವಿವರಿಸುವುದುಂಟು. ಕೇಳಿ ಕೇಳಿ ಆದ ಅಭ್ಯಾಸದ ಪಾಲೂ ಇದರಲ್ಲಿ ಇಲ್ಲದೆ ಇಲ್ಲ.

ಆದರೆ ಒಂದು ಹೆಜ್ಜೆ ಸೂತ್ರವನ್ನು ಮುರಿಯುತ್ತದೆ. ಮಧ್ಯಮದಿಂದ ನಿಷಾದಕ್ಕೆ ಹೋಗುವಾಗ ಮೆಟ್ಟಿಲುಗಳನ್ನು ಎಣಿಸಿ ನೋಡಿ. ರಿ–ಪ ಐದು, ಪ–ಸ ಐದು, ಸ–ಮ ಐದು. ಮ–ನಿ ಮಾತ್ರ ಆರು. ಅನಂತರ ನಿ–ಗ ಐದು, ಗ–ದ ಐದು. ಮತ್ತೆ ಮೊದಲಿನ ರಿಷಭಕ್ಕೆ ಮರಳುವಾಗ ದ–ರಿ ಐದು. ಒಟ್ಟು 36, ಅಂದರೆ ಸರಿಯಾಗಿ ಮೂರು ಸ್ಥಾಯಿಗಳು. ಎಲ್ಲವೂ ಐದೈದೇ ಆಗಿದ್ದರೆ ಮೊತ್ತ 35 ಆಗಿ, ಹೊರಟ ಮನೆಗೆ ಒಂದು ಮೆಟ್ಟಿಲು ಮೊದಲೇ ನಿಂತುಬಿಡುತ್ತಿದ್ದೆವು. ಆ ಒಂದು ಅಡ್ಡ ಹೆಜ್ಜೆಯಿಂದಲೇ ಯಾತ್ರೆ ಏಳು ಸ್ವರಗಳೊಳಗೆ ಸುತ್ತಿ ಮನೆ ಸೇರುತ್ತದೆ.

ಎರಡು ಬೆರಳುಗಳ ಪಾಠ

ನಾಲ್ಕು ಸ್ವರಗಳ ಗುಚ್ಛವನ್ನು ಎಡಗೈಯಿಂದ ಹಾರಿ ಹಾರಿ ಹಿಡಿಯುವುದು ಹೊಸಬರಿಗೆ ಕಷ್ಟ. ಜಾಜ್ ವಾದಕರು ಹಾಗೆ ಹಾರುವುದೂ ಇಲ್ಲ. ಗುಚ್ಛದ ಬಣ್ಣ ತಿಳಿಯುವುದು ಮುಖ್ಯವಾಗಿ ಅದರ ಮೂರನೆಯ ಮತ್ತು ಏಳನೆಯ ಸ್ವರಗಳಿಂದ. ಆಧಾರವನ್ನು ಮಂದ್ರದಲ್ಲಿ ಬೇರೊಬ್ಬ ವಾದಕ ನುಡಿಸಬಹುದು. ಐದನೆಯ ಸ್ವರವನ್ನು ಬಿಟ್ಟರೂ ಹೆಚ್ಚು ನಷ್ಟವಿಲ್ಲ. ಆದುದರಿಂದ ಎರಡೇ ಬೆರಳುಗಳನ್ನು ಇಟ್ಟುಕೊಳ್ಳೋಣ: ಕೆಳಗಿನದು ಮಧ್ಯಮದ ಮೇಲೆ, ಮೇಲಿನದು ಅದರ ಮುಂದಿನ ಷಡ್ಜದ ಮೇಲೆ. ಇನ್ನು ಆವರ್ತಕ್ಕೊಂದರಂತೆ ಹೀಗೆ ನಡೆಯಿರಿ:

ಮ–ಸ
ಮ–ನಿ
ಗ–ನಿ
ಗ–ದ
ರಿ–ದ
ರಿ–ಕಪ್ಪು ಮನೆ
ಸ–ದ

ಪ್ರತಿ ಸಲವೂ ಒಂದು ಬೆರಳು ನಿಂತಿರುತ್ತದೆ, ಇನ್ನೊಂದು ಪಕ್ಕದ ಸ್ವರಕ್ಕೆ ಇಳಿಯುತ್ತದೆ. ನಿಂತ ಬೆರಳು ಮುಂದಿನ ಸಲ ಇಳಿಯುತ್ತದೆ. ಕೊನೆಯ ಹೆಜ್ಜೆಯಲ್ಲಿ ಮಾತ್ರ ಎರಡೂ ಕದಲುತ್ತವೆ: ಕೆಳಗಿನದು ರಿಷಭದಿಂದ ಷಡ್ಜಕ್ಕೆ ಇಳಿದರೆ, ಮೇಲಿನದು ಕಪ್ಪು ಮನೆಯಿಂದ ಧೈವತಕ್ಕೆ ಏರುತ್ತದೆ. ಆಧಾರಗಳು ನಾಲ್ಕು, ಐದು ಸ್ವರಗಳಷ್ಟು ದೂರ ಜಿಗಿಯುತ್ತಿರುವಾಗ ಮೇಲೆ ಈ ಎರಡು ಸ್ವರಗಳು ಮೆಟ್ಟಿಲಿಳಿಯುವ ವೃದ್ಧರಂತೆ ಒಂದೊಂದೇ ಕಾಲನ್ನು ಇಡುತ್ತವೆ. ಸ್ವರಮೇಳವೆಂಬ ವಿದ್ಯೆಯ ಗುಟ್ಟಿನಲ್ಲಿ ಅರ್ಧ ಇಲ್ಲಿಯೇ ಇದೆ.

ಈಗ ಬಲಗೈಯಿಂದ ಹಾಡಿನ ಮಟ್ಟನ್ನು ನುಡಿಸಿ. ಪ್ರತಿಯೊಂದು ಸಂಚಾರವೂ ಮೂರು ಗಿಡ್ಡ ಸ್ವರಗಳಿಂದ ಏರಿ ಒಂದು ದೀರ್ಘಸ್ವರದ ಮೇಲೆ ನೆಲೆಸುತ್ತದೆ. ಆ ದೀರ್ಘಸ್ವರಗಳು ಕ್ರಮವಾಗಿ ಮ, ಗ, ರಿ, ಸ. ಎಡಗೈಯ ಕೆಳಗಿನ ಬೆರಳು ಇಳಿದ ದಾರಿಯೂ ಅದೇ ಅಲ್ಲವೆ? ಮ, ಮ, ಗ, ಗ, ರಿ, ರಿ, ಸ! ಹಾಡಿನ ಬೆನ್ನೆಲುಬೇ ಗುಚ್ಛಗಳ ಬೆನ್ನೆಲುಬು. ಹೊಸಬರಿಗೆ ಮೊದಲ ಪಾಠವಾಗಿ ಈ ಹಾಡನ್ನು ಕೊಡುವುದಕ್ಕೆ ಇದೇ ಕಾರಣ.

ಅವಳ ಮೊದಲ ಪ್ರಶ್ನೆಗೆ ಉತ್ತರವೂ ಇಲ್ಲಿದೆ. ಮೊದಲ ದೀರ್ಘಸ್ವರ ಮಧ್ಯಮ. ಅದು ಆರಂಭವಾಗುವಾಗ ಕೆಳಗೆ ರಿಷಭ ಆಧಾರವಾಗಿದೆ. ಆ ಆಧಾರದಿಂದ ಅದು ಮೂರು ಮೆಟ್ಟಿಲು ಮೇಲಿನ ಸಾಧಾರಣ ಗಾಂಧಾರ. ಸ್ವರದ ಗುಂಗು ಇನ್ನೂ ಆರದಿರುವಾಗಲೇ ಆಧಾರವು ಪಂಚಮಕ್ಕೆ ಸರಿಯುತ್ತದೆ. ಅದೇ ಮಧ್ಯಮ ಈಗ ಕೈಶಿಕಿ ನಿಷಾದವಾಯಿತು. ಎರಡನೆಯ ದೀರ್ಘಸ್ವರ ಗಾಂಧಾರ. ಕೆಳಗೆ ಷಡ್ಜವಿರುವುದರಿಂದ ಅದು ನಾಲ್ಕು ಮೆಟ್ಟಿಲಿನ ಅಂತರಗಾಂಧಾರ, ಹೆಚ್ಚು ಬೆಳಕುಳ್ಳದ್ದು. ಆಧಾರ ಮಧ್ಯಮಕ್ಕೆ ಸರಿದೊಡನೆ ಅದೇ ಕಾಕಲಿ ನಿಷಾದವಾಗುತ್ತದೆ. ಸಂಚಾರ ಒಂದೇ ಆದರೂ ಅದು ನಿಂತ ನೆಲ ಬೇರೆ ಬೇರೆಯಾದ್ದರಿಂದ ಅದರ ಮುಖಭಾವ ಪ್ರತಿಸಲವೂ ಬದಲಾಗುತ್ತದೆ. ತಂಬೂರಿಯನ್ನು ಧೈವತಕ್ಕೆ ಕೂಡಿಸಿ ಬರಿಯ ಮಟ್ಟನ್ನು ಕೇಳಿದರೆ ಅದು ಬಡವಾಗಿಯೇ ತೋರುತ್ತದೆ. ಅವಳು ಹೇಳಿದುದರಲ್ಲಿ ತಪ್ಪಿರಲಿಲ್ಲ. ಹಾಡಿನ ಅರ್ಧವನ್ನು ಮಾತ್ರ ಅವಳು ನುಡಿಸಿದ್ದಳು.

ನಮ್ಮ ಸಂಗೀತದಲ್ಲಿ ನೆಲ ನಿಂತಿರುತ್ತದೆ, ಸ್ವರ ನಡೆಯುತ್ತದೆ. ಈ ಸಂಗೀತದಲ್ಲಿ ಸ್ವರ ನಿಂತಾಗಲೂ ನೆಲ ನಡೆಯುತ್ತದೆ. ಈ ಒಂದು ಮಾತನ್ನು ಕಿವಿ ಗ್ರಹಿಸಿದರೆ ಉಳಿದುದೆಲ್ಲ ಅಭ್ಯಾಸದ ವಿಷಯ.

ಗ್ರಹಭೇದದ ಬೆಳಕಿನಲ್ಲಿ

ಕರ್ನಾಟಕ ಸಂಗೀತವನ್ನು ಬಲ್ಲವರಿಗೆ ನೆಲ ಬದಲಾಗುವ ಕಲ್ಪನೆ ತೀರ ಹೊಸದೇನೂ ಅಲ್ಲ. ಗ್ರಹಭೇದವೆಂಬ ಹೆಸರಿನಲ್ಲಿ ಅದು ನಮ್ಮಲ್ಲಿಯೂ ಇದೆ. ಶಂಕರಾಭರಣದ ರಿಷಭವನ್ನು ಷಡ್ಜವೆಂದು ಭಾವಿಸಿದರೆ ಖರಹರಪ್ರಿಯ ಹುಟ್ಟುತ್ತದೆ. ಗಾಂಧಾರದಿಂದ ತೋಡಿ, ಮಧ್ಯಮದಿಂದ ಕಲ್ಯಾಣಿ, ಪಂಚಮದಿಂದ ಹರಿಕಾಂಭೋಜಿ, ಧೈವತದಿಂದ ನಟಭೈರವಿ. ನಿಷಾದದಿಂದ ಮಾತ್ರ ಯಾವ ಮೇಳವೂ ಹುಟ್ಟದು. ಏಕೆಂದರೆ ಅದಕ್ಕೆ ಪಂಚಮವೇ ದೊರೆಯುವುದಿಲ್ಲ. ಐದನೆಯ ಸ್ವರವಾಗಬೇಕಾದ ಮಧ್ಯಮವು ಏಳು ಮೆಟ್ಟಿಲುಗಳ ಬದಲು ಆರರಲ್ಲಿಯೇ ನಿಂತಿದೆ.

ಹಾಡಿನ ಮೊದಲ ನಾಲ್ಕು ಆವರ್ತಗಳನ್ನು ಈ ದೃಷ್ಟಿಯಿಂದ ನೋಡಿದರೆ ಖರಹರಪ್ರಿಯ, ಹರಿಕಾಂಭೋಜಿ, ಶಂಕರಾಭರಣ, ಕಲ್ಯಾಣಿಗಳ ಸ್ವರಗಳು ಒಂದಾದ ಮೇಲೊಂದು ಮಿಂಚಿ ಹೋಗುತ್ತವೆ. ಸ್ವರಗಳೆಂದೆವು, ರಾಗಗಳೆನ್ನಲಿಲ್ಲ. ಗಮಕ, ಜೀವಸ್ವರ, ಸಂಚಾರಗಳಿಲ್ಲದೆ ರಾಗವಿಲ್ಲ. ನಾಲ್ಕು ಎಣಿಕೆಗಳಲ್ಲಿ ಕಲ್ಯಾಣಿಯನ್ನು ಹಾಡಿದೆವೆಂದರೆ ಯಾವ ಗುರುವೂ ಒಪ್ಪಲಾರರು. ಆದರೆ ಯಾವ ಗುಚ್ಛದ ಮೇಲೆ ಯಾವ ಸ್ವರಗಳು ಒಗ್ಗುತ್ತವೆಂಬುದನ್ನು ಜಾಜ್ ವಿದ್ಯಾರ್ಥಿಗಳು ಪಟ್ಟಿಯಿಂದ ಬಾಯಿಪಾಠ ಮಾಡುವಾಗ, ನಮ್ಮ ವಿದ್ಯಾರ್ಥಿಗೆ ಅದು ಈಗಾಗಲೇ ಬೆರಳಿನಲ್ಲಿರುತ್ತದೆ.

ಐದನೆಯ ಆವರ್ತ ನಿಷಾದದ್ದು. ಮೇಳಕರ್ತದಲ್ಲಿ ಸ್ಥಾನ ದೊರೆಯದ ಈ ನಿಷಾದವೇ ಇಲ್ಲಿ ಸೇತುವೆಯಾಗುತ್ತದೆ. ಪಂಚಮದ ಬಲವಿಲ್ಲದ್ದರಿಂದ ಅದರ ಗುಚ್ಛಕ್ಕೆ ಒಂಟಿಯಾಗಿ ನಿಲ್ಲಲಾಗದು, ಮುಂದಕ್ಕೆ ವಾಲುತ್ತದೆ. ಆರನೆಯ ಆವರ್ತದಲ್ಲಿ ಕಪ್ಪು ಮನೆ ಬರುತ್ತದೆ. ಹಾಡು ಕೊನೆಗೆ ನೆಲೆಸುವ ಮನೆ ಧೈವತವಷ್ಟೆ. ಅದನ್ನು ಷಡ್ಜವೆಂದುಕೊಂಡರೆ ಬಿಳಿಯ ಮನೆಗಳು ನಟಭೈರವಿ. ಅದರಲ್ಲಿ ನಿಷಾದವು ಕೈಶಿಕಿ. ಷಡ್ಜಕ್ಕಿಂತ ಎರಡು ಮೆಟ್ಟಿಲು ಕೆಳಗೆ, ಅವಸರವಿಲ್ಲದೆ ಇರುತ್ತದೆ. ಕಪ್ಪು ಮನೆ ಕಾಕಲಿ ನಿಷಾದ. ಒಂದೇ ಮೆಟ್ಟಿಲಿನ ದೂರ. ಆ ಕ್ಷಣಕ್ಕೆ ನಟಭೈರವಿಯು ಕೀರವಾಣಿಯಾಗುತ್ತದೆ. ಸೆಕೆಂಡಿಗೆ 415 ಕಂಪನಗಳ ಆ ಸ್ವರ 440ರ ಷಡ್ಜವನ್ನು ತಲುಪಲು ತವಕಿಸುತ್ತದೆ. ಜೊತೆಗೆ ಎಡಗೈಯಲ್ಲಿ ಆಗ ಉಳಿದಿರುವ ಎರಡು ಸ್ವರಗಳ ನಡುವೆ ಸರಿಯಾಗಿ ಆರು ಮೆಟ್ಟಿಲು, ಅರ್ಧ ಸ್ಥಾಯಿಯ ಅಂತರ. ಸರಳ ಅನುಪಾತಕ್ಕೆ ಒಗ್ಗದ ಅಂತರ. ಮುಂದಿನ ಆವರ್ತದಲ್ಲಿ ಎರಡು ಬೆರಳುಗಳೂ ಹೊರಕ್ಕೆ ಸರಿದು ಮನೆ ಸೇರಿದಾಗ ಉಂಟಾಗುವ ನೆಮ್ಮದಿಗೆ ಇವೆರಡೂ ಕಾರಣ. ಬಲಗೈಯೂ ಇಲ್ಲಿ ಸುಮ್ಮನಿರದು. ಸಾಮಾನ್ಯ ಪಾಠದಲ್ಲಿ ಅದು ಪಂಚಮ, ಚತುಶ್ರುತಿ ಧೈವತ, ಕಾಕಲಿ ನಿಷಾದ ಎಂದು ಏರುತ್ತದೆ. ಗೌರೀಮನೋಹರಿಯ ನೆರಳು ಒಂದು ಗಳಿಗೆ ಹಾದುಹೋಗುತ್ತದೆ.

ಕಿವಿ ಕೆಡುವುದೆ?

ಇನ್ನು ಅಜ್ಜಿಯವರ ಪ್ರಶ್ನೆ. ಅವರ ಸಂಶಯಕ್ಕೆ ಆಧಾರವಿಲ್ಲದೆ ಇಲ್ಲ. 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಂ ವಾದ್ಯವನ್ನೇ ನಿಷೇಧಿಸಿತ್ತು. ಆ ನಿಷೇಧ ಭಾಗಶಃ ಸಡಿಲವಾದುದು 1971ರಲ್ಲಿ. ಕಟ್ಟಿಟ್ಟ ಸ್ವರಗಳಿಂದ ಗಮಕ ಹೊರಡದು, ಶ್ರುತಿ ಶುದ್ಧವಾಗಿರದು ಎಂಬುದು ಅಂದಿನ ಆಕ್ಷೇಪಗಳಲ್ಲಿ ಮುಖ್ಯವಾದುದು. ಲೆಕ್ಕ ಏನು ಹೇಳುತ್ತದೆಂದು ನೋಡೋಣ.

ಶುದ್ಧ ಪಂಚಮದ ಅನುಪಾತ 3:2, ಅಂದರೆ 1.5. ಒಂದು ಸ್ವರದಿಂದ ಹೊರಟು ಹನ್ನೆರಡು ಸಲ ಶುದ್ಧ ಪಂಚಮವನ್ನು ಏರಿದರೆ ಏಳು ಸ್ಥಾಯಿ ಮೇಲೆ ಅದೇ ಸ್ವರ ಬರಬೇಕು. ಆದರೆ 1.5ನ್ನು ಹನ್ನೆರಡು ಸಲ ಗುಣಿಸಿದರೆ ಬರುವುದು ಸುಮಾರು 129.75; ಏಳು ಸ್ಥಾಯಿಗಳೆಂದರೆ 128. ವೃತ್ತ ಮುಚ್ಚಿಕೊಳ್ಳುವುದಿಲ್ಲ. ನೆಲ ನಿಂತೇ ಇರುವ ಸಂಗೀತಕ್ಕೆ ಇದರಿಂದ ತೊಂದರೆಯಿಲ್ಲ. ನೆಲ ನಡೆಯುವ ಸಂಗೀತದಲ್ಲಿ ಮಾತ್ರ ಯಾವ ಮನೆಯೂ ಷಡ್ಜವಾಗಬಲ್ಲಂತಿರಬೇಕು. ಆದುದರಿಂದ ಕೀಬೋರ್ಡಿನಲ್ಲಿ ಆ ವ್ಯತ್ಯಾಸವನ್ನು ಹನ್ನೆರಡು ಪಂಚಮಗಳಿಗೂ ಸಮನಾಗಿ ಹಂಚಿ, ಪ್ರತಿ ಮೆಟ್ಟಿಲನ್ನೂ 1.0595 ಎಂಬ ಒಂದೇ ಅನುಪಾತಕ್ಕೆ ಕೂಡಿಸಿರುತ್ತಾರೆ. ಪಂಚಮ 1.4983 ಆಗುತ್ತದೆ; ಈ ಕೊರತೆ ಅತ್ಯಲ್ಪ. ಅಂತರಗಾಂಧಾರಕ್ಕೆ ತಗಲುವ ಪೆಟ್ಟು ಹೆಚ್ಚು: 1.25 ಇರಬೇಕಾದುದು 1.26ರ ಸಮೀಪಕ್ಕೆ ಏರುತ್ತದೆ. ಒಂದು ಮೆಟ್ಟಿಲಿನ ಸುಮಾರು ಏಳನೆಯ ಒಂದು ಪಾಲಿನಷ್ಟು ಹೆಚ್ಚು.

ಇದನ್ನು ಕಿವಿಯಿಂದಲೇ ಅಳೆಯಬಹುದು. ಕೀಬೋರ್ಡಿನ ನಡುವಣ ಷಡ್ಜದ ಕಂಪನಸಂಖ್ಯೆ 261.63, ಅದರ ಐದನೆಯ ಉಪಸ್ವರ ಸುಮಾರು 1308. ಗಾಂಧಾರ 329.63, ಅದರ ನಾಲ್ಕನೆಯ ಉಪಸ್ವರ ಸುಮಾರು 1318.5. ಎರಡನ್ನೂ ಒಟ್ಟಿಗೆ ಒತ್ತಿದರೆ ಈ ಎರಡು ಉಪಸ್ವರಗಳು ಸೆಕೆಂಡಿಗೆ ಹತ್ತು ಸಲ ಒಂದನ್ನೊಂದು ಬಲಪಡಿಸಿ ಕುಗ್ಗಿಸಿ, ಒಂದು ಬಗೆಯ ನಡುಕವನ್ನುಂಟುಮಾಡುತ್ತವೆ. ಈ ನಡುಕಗಳಿಗೂ ಸ್ವರಗಳ ಹಿತಾಹಿತಗಳಿಗೂ ಇರುವ ಸಂಬಂಧವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಸ್ತಾರವಾಗಿ ವಿವೇಚಿಸಿದನು. ಆ ಗ್ರಂಥವನ್ನು ಮೆಚ್ಚಿ ಓದಿದ ಸಿ. ವಿ. ರಾಮನ್ನರು, ಬೆಂಗಳೂರಿಗೆ ಬರುವುದಕ್ಕೆ ಮೊದಲೇ, 1921ರಲ್ಲಿ, ತಂಬೂರಿ ಮತ್ತು ವೀಣೆಗಳ ಕುದುರೆಯ ವಿಶೇಷ ರಚನೆಯಿಂದ ಉಪಸ್ವರಗಳು ಹೇಗೆ ಸಮೃದ್ಧವಾಗುತ್ತವೆಂಬುದನ್ನು ವಿವರಿಸಿದ್ದರು. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳಿಸುವುದು ಈ ಸಮೃದ್ಧಿಯಿಂದಲೇ. ಅದು ಶುದ್ಧವಾದ 5:4ರ ಗಾಂಧಾರ.

ಹೀಗಿರಲು ಅಜ್ಜಿಯವರ ಮಾತು ಅರ್ಧ ಸತ್ಯ. ಕೀಬೋರ್ಡಿನ ಗಾಂಧಾರವೇ ಗಾಂಧಾರವೆಂದು ನಂಬಿ ಅದಕ್ಕೆ ದನಿಯನ್ನು ಕೂಡಿಸುತ್ತ ಹೋದರೆ ಶ್ರುತಿಜ್ಞಾನ ಸಡಿಲವಾದೀತು. ಆದರೆ ಆ ಗಾಂಧಾರ ಏಕೆ ಹೆಚ್ಚಿದೆ, ಅದರಿಂದ ಪಡೆದುದೇನು ಎಂಬುದನ್ನು ತಿಳಿದು ನುಡಿಸುವವರಿಗೆ ಆ ಭಯವಿಲ್ಲ. ಕೊಟ್ಟುದು ಗಾಂಧಾರದ ಶುದ್ಧಿ ಮತ್ತು ಗಮಕ; ಪಡೆದುದು ಹನ್ನೆರಡು ಮನೆಗಳಲ್ಲಿಯೂ ಸಂಚರಿಸುವ ಸ್ವಾತಂತ್ರ್ಯ. ವ್ಯಾಪಾರವನ್ನು ಕಣ್ತೆರೆದು ಮಾಡಬೇಕು, ಅಷ್ಟೆ.

ಈ ನೆಲದ ಪೂರ್ವಿಕರು

ಎರಡು ಸಂಗೀತಗಳನ್ನೂ ಒಂದೇ ತಲೆಯಲ್ಲಿ ಇರಿಸಿಕೊಂಡವರು ನಮ್ಮಲ್ಲಿ ಹಿಂದೆಯೂ ಇದ್ದರು. 1948ರಲ್ಲಿ ಅಸ್ತಿಭಾರ ಪಡೆದ ಜಯನಗರಕ್ಕೆ ಯಾರ ಹೆಸರನ್ನಿಟ್ಟರೋ ಆ ಜಯಚಾಮರಾಜ ಒಡೆಯರೇ ಅವರಲ್ಲಿ ಒಬ್ಬರು. ಅವರು ಪಿಯಾನೋವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿ, 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೊ ಆದರು. ರಷ್ಯದ ಸಂಯೋಜಕ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಧನಸಹಾಯ ಮಾಡಿದರು; ಆತ ತನ್ನ ಮೂರನೆಯ ಪಿಯಾನೋ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದನು. ಅದೇ ಮಹಾರಾಜರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಪಿಯಾನೋ ಅವರ ಕಿವಿಯನ್ನು ಕೆಡಿಸಿತೆಂದು ಆ ಕೃತಿಗಳನ್ನು ಹಾಡುವವರಾರೂ ಹೇಳಲಾರರು.

ಎದುರು ದಿಕ್ಕಿನಿಂದ ಬಂದವರೂ ಉಂಟು. ಬೆಂಗಳೂರಿನಲ್ಲಿ 1964ರಲ್ಲಿ ಆರಂಭವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಸಂಸ್ಥೆಯ ಟಿ. ಎ. ಎಸ್. ಮಣಿ ಮತ್ತು ಗಾಯಕಿ ಆರ್. ಎ. ರಮಾಮಣಿ ಅವರೊಡನೆ ಅಮೆರಿಕದ ಜಾಜ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಕೂಡಿ ನುಡಿಸಿದ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ 1983ರಲ್ಲಿ ಹೊರಬಂದಿತು. ನಡೆಯುವ ನೆಲದ ಮೇಲೆ ಬೆಳೆದ ವಾದಕನೊಬ್ಬ ನಿಂತ ನೆಲದ ಆಳವನ್ನು ಹುಡುಕಿ ನಮ್ಮ ಊರಿನ ಕಲಾವಿದರ ಬಳಿಗೆ ಬಂದನು. ನಮ್ಮ ವಿದ್ಯಾರ್ಥಿನಿ ಹೊರಟಿರುವುದು ಅದೇ ದಾರಿಯಲ್ಲಿ, ಇನ್ನೊಂದು ತುದಿಯಿಂದ.

ಮಾಡಿ ನೋಡಿ

ಮೊದಲನೆಯದಾಗಿ, ಕೀಬೋರ್ಡನ್ನು ಮುಟ್ಟದೆ ರಿ, ಪ, ಸ, ಮ, ನಿ, ಗ, ದ ಎಂಬ ಆಧಾರಗಳನ್ನು ಒಂದೊಂದಕ್ಕೆ ನಾಲ್ಕು ಎಣಿಕೆಯಂತೆ, ಕೊನೆಯದಕ್ಕೆ ಎಂಟು ಎಣಿಕೆಯಂತೆ ತಾಳ ಹಾಕಿ ಹಾಡಿ. ಎರಡನೆಯದಾಗಿ, ಎಡಗೈಯಿಂದ ಆಧಾರವನ್ನು ಒತ್ತುತ್ತ, ಬಲಗೈಯ ಎರಡು ಬೆರಳುಗಳನ್ನು ಮೇಲೆ ಹೇಳಿದಂತೆ ಇಳಿಸಿ. ಮೂರನೆಯದಾಗಿ, ಎರಡು ಬೆರಳುಗಳ ಕೆಲಸವನ್ನು ಎಡಗೈಗೆ ಕೊಟ್ಟು ಬಲಗೈಯಿಂದ ಮಟ್ಟನ್ನು ನುಡಿಸಿ. ಪ್ರತಿ ದೀರ್ಘಸ್ವರದಲ್ಲಿಯೂ ಆಧಾರ ಸರಿಯುವ ಕ್ಷಣವನ್ನು ಗಮನವಿಟ್ಟು ಕೇಳಿ. ಇಷ್ಟು ಕೈಗೂಡಿದ ಮೇಲೆ ಮನೋಧರ್ಮ. ಮ, ಗ, ರಿ, ಸ ಎಂಬ ದೀರ್ಘಸ್ವರಗಳನ್ನು ನಿಲುಗಡೆಗಳಾಗಿ ಇಟ್ಟುಕೊಂಡು, ಅವುಗಳ ನಡುವೆ ನಿಮ್ಮದೇ ಸ್ವರಕಲ್ಪನೆಯನ್ನು ಮಾಡಿ. ಕಲ್ಪನಾಸ್ವರದಲ್ಲಿ ಎಡುಪ್ಪಿಗೆ ಬಂದು ಸೇರುವ ಅಭ್ಯಾಸವಿರುವವರಿಗೆ ಇದು ಪರಕೀಯವೆನಿಸದು. ಕೊನೆಯದಾಗಿ, ಪಾಠ ಮುಗಿದ ಮೇಲೆ ದಿನವೂ ಹತ್ತು ನಿಮಿಷ ತಂಬೂರಿಯ ಮುಂದೆ ಕುಳಿತು, ಯಾರೂ ಮೀಟದ ಆ ಗಾಂಧಾರ ಕೇಳಿಸುವವರೆಗೆ ಕಾಯಿರಿ. ಇದನ್ನು ಬಿಡಬಾರದು.

ಮೂರನೆಯ ವಾರ ನಾವು ಹೋದಾಗ ಹುಡುಗಿ ಎಂಟು ಆವರ್ತಗಳನ್ನೂ ಎರಡು ಕೈಗಳಿಂದ ನುಡಿಸಿದಳು. ಆರನೆಯ ಆವರ್ತದ ಕಪ್ಪು ಮನೆಯ ಮೇಲೆ ಬೇಕೆಂದೇ ಒಂದು ಕ್ಷಣ ನಿಂತಳು. ಒಳಗೆ ಹೂ ಕಟ್ಟುತ್ತಿದ್ದ ಅಜ್ಜಿಯವರು ತಲೆಯೆತ್ತಿ, “ಅಲ್ಲೇಕೆ ನಿಲ್ಲಿಸಿದೆ? ಷಡ್ಜಕ್ಕೆ ಬಾ” ಎಂದರು.

ಅವರು ಷಡ್ಜವೆಂದು ಕರೆದುದು ನಮ್ಮ ಧೈವತವನ್ನು. ಯಾರೂ ಅವರಿಗೆ ಪಾಠ ಹೇಳಿರಲಿಲ್ಲ. ನೆಲವು ಏಳು ಮನೆಗಳನ್ನು ಸುತ್ತಿ ಬಂದರೂ ಅದು ಎಲ್ಲಿ ನಿಲ್ಲಬೇಕೆಂಬುದನ್ನು ಅವರ ಕಿವಿ ತಾನೇ ಕಂಡುಕೊಂಡಿತ್ತು. ಹುಡುಗಿ ನಕ್ಕು, ಎರಡು ಬೆರಳುಗಳನ್ನೂ ಹೊರಕ್ಕೆ ಸರಿಸಿ ಮನೆಯನ್ನು ಸೇರಿದಳು.